ಔಷಧ ಆಮೇಲೆ, ಮೊದಲು ಪೈಪು ತೊಳೀರಿ

ಘಟ್ಟದ ಮೇಲಿನ ನಮಗೊಂದು ಜಂಬ ಇದೆ. ನಮ್ಮ ನೀರಿನಷ್ಟು ಚೊಕ್ಕ ನೀರು ಬೇರೆಲ್ಲೂ ಇಲ್ಲ ಅಂತ. ಪೇಟೆಯಿಂದ ಬಂದ ನೆಂಟರಿಗೆ ಬಾವಿ ನೀರು ಕುಡಿಸಿ, "ಹ್ಯಾಂಗಿದ್ದು?" ಎಂದು ಕೇಳಿ ಬೀಗುತ್ತೇವೆ. ಜಂಬ ಮನೆಯಲ್ಲಿದ್ದರೆ ಅಡ್ಡಿಯಿಲ್ಲ. ಅದು ಕೋಳಿ ಶೆಡ್ಡಿಗೂ ಹೋಗಿ ಕೂತಿದೆ. ನನ್ನ ತಕರಾರು ಅಲ್ಲಿಂದ ಶುರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆಯ ಜೊತೆಗೆ ಬ್ರಾಯ್ಲರ್ ಶೆಡ್ಡು ಹಾಕಿಕೊಂಡವರು ಇದ್ದಾರೆ. ಕಂಪನಿ ಮರಿ ಕೊಡುತ್ತದೆ, ಫೀಡು ಕೊಡುತ್ತದೆ, ಔಷಧ ಕೊಡುತ್ತದೆ. ಶೆಡ್ಡು, ಕರೆಂಟು, ಕೂಲಿ, ನೀರು ಸಾಕುವವರದ್ದು. ಕೋಳಿ ಎಷ್ಟು ಫೀಡು ತಿಂದು ಎಷ್ಟು ತೂಗಿತು ಅನ್ನುವುದರ ಮೇಲೆ ದುಡ್ಡು. ಫೀಡಿನ ಪ್ರತಿ ಚೀಲಕ್ಕೂ ಲೆಕ್ಕ ಇದೆ, ನೀರಿಗೆ ಒಂದು ಸಾಲೂ ಇಲ್ಲ. ಆದರೆ ಕೋಳಿ ಒಂದು ಕೆಜಿ ಫೀಡು ತಿಂದರೆ ಹೆಚ್ಚುಕಮ್ಮಿ ಎರಡು ಲೀಟರ್ ನೀರು ಕುಡಿಯುತ್ತದೆ, ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. 40 ದಿನದಲ್ಲಿ 2 ಕೆಜಿ ಆಗುವ ಕೋಳಿ 6ರಿಂದ 7 ಲೀಟರ್ ಕುಡಿದಿರುತ್ತದೆ. 5,000 ಕೋಳಿಯ ಶೆಡ್ಡಾದರೆ ಬ್ಯಾಚಿಗೆ 30,000 ಲೀಟರಿಗೂ ಮೇಲಾಯಿತು. ಇಷ್ಟು ನೀರು ಹರಿಯುವ ಪೈಪಿನ ಒಳಗೆ ಇಣುಕಿ ನೋಡಿದವರು ಎಷ್ಟು ಜನ?

ಇಣುಕಿ ನೋಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ನಿಪ್ಪಲ್ ಲೈನಿನ ಕೊನೆಯ ಮುಚ್ಚಳ ಬಿಚ್ಚಿ, ಒಳಗೆ ಬೆರಳು ಹಾಕಿ ಉಜ್ಜಿ. ಬೆರಳಿಗೆ ಲೋಳೆ ಬಂದರೆ ಕೋಳಿ ಕುಡಿಯುತ್ತಿರುವುದು ನಿಮ್ಮ ಬಾವಿಯ ನೀರಲ್ಲ, ಆ ಲೋಳೆಯನ್ನು ತೊಳೆದ ನೀರು.

ಲೋಳೆ ಎಲ್ಲಿಂದ ಬರುತ್ತದೆ? ಮೊದಲ ವಾರ ಮರಿ ಕುಡಿಯುವುದು ಸ್ವಲ್ಪ. ಶೆಡ್ಡಿನಲ್ಲಿ 32–33 ಡಿಗ್ರಿ ಕಾವು. ಪೈಪಿನಲ್ಲಿ ನೀರು ನಿಂತಲ್ಲೇ ಬೆಚ್ಚಗಾಗುತ್ತದೆ. ಚಿರೆಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕೆಂಪು ಗಸಿ ಕಟ್ಟುತ್ತದೆ. ಮಳೆಗಾಲದಲ್ಲಿ ತೆರೆದ ಬಾವಿಗೆ ಮೇಲಿನ ಕೊಳೆ ನೀರು ಸೇರುತ್ತದೆ. ಸಾಲದ್ದಕ್ಕೆ ನಾವೇ ಬೆಲ್ಲದ ನೀರು ಬಿಡುತ್ತೇವೆ, ವಿಟಮಿನ್ ಬಿಡುತ್ತೇವೆ, ಲಸಿಕೆಯ ಜೊತೆ ಹಾಲಿನ ಪುಡಿ ಬಿಡುತ್ತೇವೆ. ಲೋಳೆಗೆ ಬಾಣಂತನ ಮಾಡಿದ ಹಾಗೇ ಆಯ್ತಲ್ಲ ಮಾರಾಯ್ರೆ!

ಆಮೇಲೆ ಕೋಳಿಗೆ ಭೇದಿ ಶುರುವಾಗುತ್ತದೆ, ತೂಕ ಏರುವುದಿಲ್ಲ. ಆಗ ಬರುವುದು ಆಂಟಿಬಯಾಟಿಕ್ ಬಾಟಲಿ. ಅದನ್ನೂ ಹಾಕುವುದು ಅದೇ ಟ್ಯಾಂಕಿಗೆ, ಹೋಗುವುದೂ ಅದೇ ಪೈಪಿನಲ್ಲಿ! ಲೋಳೆಯ ಪದರದೊಳಗೆ ಅಡಗಿದ ರೋಗಾಣುಗಳಿಗೆ ಆ ಔಷಧ ಪೂರ್ತಿ ತಟ್ಟುವುದಿಲ್ಲ. ಸಾಯದೆ ಉಳಿದವು ಔಷಧಕ್ಕೆ ಬಗ್ಗದಂತೆ ಪಳಗುತ್ತವೆ. ಮನುಷ್ಯರಿಗೆ ಬೇರಾವ ಔಷಧವೂ ನಾಟದಾಗ ವೈದ್ಯರು ಕೊನೆಯದಾಗಿ ಕೈಹಾಕುವ ಕೊಲಿಸ್ಟಿನ್ ಕೋಳಿ ಸಾಕಣೆಯಲ್ಲಿ ಬಳಕೆಯಾಗುತ್ತಿತ್ತು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಕೋಳಿ ಪೈಪಿನ ಕೊಳೆ ನಮ್ಮ ಆಸ್ಪತ್ರೆ ಮಂಚದವರೆಗೂ ಬರುತ್ತದೆ ಎಂಬುದಕ್ಕೆ ಇನ್ನೆಂತ ಸಾಕ್ಷಿ ಬೇಕು?

"ಸಣ್ಣ ಶೆಡ್ಡು, ಅಷ್ಟೆಲ್ಲ ಅಳೆಯೋಕೆ ಆಗತ್ತಾ?" ಅನ್ನುತ್ತಾರೆ. ಈ ಮಾತನ್ನು ಅಡಿಕೆ ಬೆಳೆಗಾರರ ಬಾಯಲ್ಲಿ ಕೇಳಿದರೆ ನನಗೆ ನಗು ಬರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ಮಾಡುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ತೂಗಿಯೇ ಹಾಕುತ್ತೇವೆ. ಲಿಟ್ಮಸ್ ಕಾಗದ ಅದ್ದಿ ನೋಡುತ್ತೇವೆ. ಕತ್ತಿಯ ಅಲಗು ಅದ್ದಿ, ತಾಮ್ರದ ಬಣ್ಣ ಹಿಡಿಯಿತಾ ಎಂದು ಪರೀಕ್ಷಿಸುತ್ತೇವೆ. ಅದೂ ರೋಗ ಬರುವ ಮೊದಲೇ. ಮರದ ಮೇಲಿನ ಕೊನೆಗೆ ಇಷ್ಟು ಲೆಕ್ಕ ಗೊತ್ತಿರುವವರಿಗೆ ಕೋಳಿ ನೀರಿಗೊಂದು ಕ್ಲೋರಿನ್ ಪಟ್ಟಿ ಅದ್ದುವುದು ಭಾರವಾ?

ಮಾಡಬೇಕಾದ್ದು ಬ್ರಹ್ಮವಿದ್ಯೆಯಲ್ಲ. ಬ್ಯಾಚು ಹೋಗಿ ಶೆಡ್ಡು ಖಾಲಿಯಾದಾಗ ಟ್ಯಾಂಕು ತಿಕ್ಕಿ ತೊಳೆಯಿರಿ. ಲೈನು ತೊಳೆಯಲೆಂದೇ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಲೇಬಲ್ಲಿನ ಅಳತೆಯಲ್ಲಿ ಪೈಪಿಗೆ ತುಂಬಿ, ಹೇಳಿದಷ್ಟು ಹೊತ್ತು ಬಿಡಿ. ನಂತರ ಕೊನೆಯ ಮುಚ್ಚಳ ತೆಗೆದು ಜೋರಾಗಿ ನೀರು ಹಾಯಿಸಿ. ಮರಿ ಬಂದ ಮೇಲೆ ಕ್ಲೋರಿನ್. ಟ್ಯಾಂಕಿಗೆ ಎಷ್ಟು ಹಾಕಿದಿರಿ ಎನ್ನುವುದು ಮುಖ್ಯವಲ್ಲ, ಕೊನೆಯ ನಿಪ್ಪಲಿನಲ್ಲಿ 3ರಿಂದ 5 ಪಿಪಿಎಂ ಸಿಗಬೇಕು. ನೀರಿನ ಪಿಎಚ್ 8 ದಾಟಿದರೆ ಕ್ಲೋರಿನ್ ಹಾಕಿಯೂ ಲಾಭ ಕಮ್ಮಿ. ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಪೌಡರ್ ನಮ್ಮ ಮಳೆಗಾಲದ ಥಂಡಿಗೆ ಸತ್ವ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ. ಕ್ಲೋರಿನ್ನನ್ನೂ ಆಮ್ಲವನ್ನೂ ಒಟ್ಟಿಗೆ ಕಲಸಬೇಡಿ, ವಿಷಗಾಳಿ ಏಳುತ್ತದೆ. ನೀರಿನಲ್ಲಿ ಲಸಿಕೆ ಕೊಡುವ ಮುಂಚೆ ಕ್ಲೋರಿನ್ ನಿಲ್ಲಿಸಿ, ಇಲ್ಲದಿದ್ದರೆ ಲಸಿಕೆಯೂ ಸಾಯುತ್ತದೆ. ಲಸಿಕೆ, ಬೆಲ್ಲ, ವಿಟಮಿನ್ ಯಾವುದೇ ಕೊಟ್ಟರೂ ಮುಗಿದ ಕೂಡಲೇ ಲೈನಿಗೆ ಬರೀ ನೀರು ಹಾಯಿಸಿ.

ಹಾಗಂತ ತಪ್ಪೆಲ್ಲ ಸಾಕುವವರ ತಲೆಗೆ ಕಟ್ಟಲು ನಾನು ತಯಾರಿಲ್ಲ. ಮರಿ ಕಂಪನಿಯದ್ದು, ಕೋಳಿ ಕಂಪನಿಯದ್ದು, ಔಷಧದ ಬಾಟಲಿಯೂ ಕಂಪನಿಯದ್ದು. ಹಾಗಿದ್ದ ಮೇಲೆ ನೀರಿನ ಪರೀಕ್ಷೆ, ಲೈನು ತೊಳೆಯುವ ದ್ರಾವಣ ಮಾತ್ರ ಯಾಕೆ ಒಪ್ಪಂದದ ಹೊರಗೆ? ಮೇಲ್ವಿಚಾರಣೆಗೆ ಬರುವವರು ತಕ್ಕಡಿ ತರುತ್ತಾರೆ, ಔಷಧ ತರುತ್ತಾರೆ. ಕ್ಲೋರಿನ್ ಅಳೆಯುವ ಪಟ್ಟಿ ತರುವುದಿಲ್ಲ. ನೀರು ಕೆಟ್ಟು ಕೋಳಿ ಸೊರಗಿದರೆ ಕಡಿತವಾಗುವುದು ಮಾತ್ರ ಸಾಕುವವರ ದುಡ್ಡು. ಇದು ಯಾವ ನ್ಯಾಯ ಸ್ವಾಮಿ?

ಆದ್ದರಿಂದ ಮುಂದಿನ ಬ್ಯಾಚಿನ ಮರಿ ಇಳಿಸಿಕೊಳ್ಳುವ ಮೊದಲು ಎರಡು ಮಾತು ಕೇಳಿ. ವರ್ಷಕ್ಕೆರಡು ಸಲ, ಮಳೆಗಾಲದ ಮೊದಲೂ ನಂತರವೂ, ನೀರು ಪರೀಕ್ಷೆ ಮಾಡಿಸುವವರು ಯಾರು? ಲೈನು ತೊಳೆಯುವ ಖರ್ಚು ಕೊಡುವವರು ಯಾರು? ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಅಲ್ಲಿಯವರೆಗೆ, ಯಾರಾದರೂ ಔಷಧದ ಬಾಟಲಿ ಹಿಡಿದು ಶೆಡ್ಡಿಗೆ ಬಂದರೆ ಮೊದಲು ಅವರಿಂದಲೇ ಲೈನಿನ ಮುಚ್ಚಳ ಬಿಚ್ಚಿಸಿ.