ದುಬೈ ಹತ್ತಿರ, ರಾಯಬಾಗ ದೂರ

ಉಮ್ಮ ತೀರಿಕೊಂಡ ಸುದ್ದಿ ರಾಯಬಾಗದಲ್ಲಿದ್ದ ನಮಗೂ ದುಬೈಯಲ್ಲಿದ್ದ ತಮ್ಮನಿಗೂ ಒಂದೇ ಮಧ್ಯಾಹ್ನ ಬಂತು. ತಮ್ಮ ಸಂಜೆಯ ವಿಮಾನ ಹತ್ತಿ ಬಜ್ಪೆಯಲ್ಲಿ ಇಳಿದ, ಸುಬಹಿ ನಂತರ ಮಯ್ಯತ್ತಿಗೆ ಹೆಗಲು ಕೊಟ್ಟ. ನಮ್ಮ ಬಸ್ಸು ಮಂಗಳೂರು ಮುಟ್ಟುವಾಗ ದಫನ ಮುಗಿದಿತ್ತು. ಮಯ್ಯತ್ತನ್ನು ಕಾಯಿಸಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರೇ ನಾವು. ಮನೆಯವರ ಮೇಲೆ ದೂರಿಲ್ಲ. ಆದರೆ ದಾರಿಯ ಲೆಕ್ಕ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ದುಬೈ–ಮಂಗಳೂರು ಸುಮಾರು 2,450 ಕಿ.ಮೀ.; ವಿಮಾನದಲ್ಲಿ ಮೂರೂವರೆ ಗಂಟೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬಜ್ಪೆಗೆ ನೇರ ಗೆರೆ ಎಳೆದರೆ ಬರೀ 325 ಕಿ.ಮೀ. ಸಣ್ಣ ವಿಮಾನಕ್ಕೂ ಒಂದು ಗಂಟೆಯ ದಾರಿ. ನೇರ ವಿಮಾನ ಸಿಗದಿದ್ದರೆ ಬೆಂಗಳೂರು ಸುತ್ತಬೇಕು: ಅಲ್ಲಿಗೆ 445, ಅಲ್ಲಿಂದ ಬಜ್ಪೆಗೆ 305, ಒಟ್ಟು 750 ಕಿ.ಮೀ. ಜೊತೆಗೆ ರಾಯಬಾಗದಿಂದ ಸಾಂಬ್ರಾಕ್ಕೆ ಎರಡು ಗಂಟೆ ರಸ್ತೆ, ಬೆಂಗಳೂರಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು ಬೇರೆ. ಕೊನೆಗೆ ರಾತ್ರಿ ಬಸ್ಸೇ ಗತಿ.

ಸಣ್ಣ ಊರುಗಳನ್ನು ಜೋಡಿಸಲೆಂದೇ ಕೇಂದ್ರ ಸರಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಮೀರಬಾರದು ಎಂದು ಆರಂಭದಲ್ಲಿ ಹೇಳಿದ್ದೂ ಅದೇ ಯೋಜನೆ. ಬೆಳಗಾವಿ–ಮಂಗಳೂರು ನಡುವೆ ವಾರಕ್ಕೆ ಮೂರು ದಿನವಾದರೂ ನೇರ ವಿಮಾನ ಬೇಕೆಂದು ನಮ್ಮ ಜಮಾಅತ್‌ಗಳು ಸಂಸದರನ್ನು ಕೇಳಲಿ. ಗಲ್ಫಿನವರಿಗಾಗಿ ಎತ್ತುವ ದನಿ ಒಳನಾಡಿನಲ್ಲಿ ದುಡಿಯುವ ಮಕ್ಕಳಿಗಾಗಿಯೂ ಏಳಲಿ. ಮಂಗಳೂರಿನ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವ ಈ ಕಡೆಯ ಮನೆಗಳಿಗೂ ಅದು ಉಪಕಾರ.

ಅಲ್ಲಿಯವರೆಗೆ ನಮ್ಮಂಥವರಿಗೆ ಒಂದೇ ಮಾತು. ಊರಿಗೆ ಹೋಗಲು ಕೆಟ್ಟ ಸುದ್ದಿಯ ಫೋನಿಗೆ ಕಾಯಬೇಡಿ. ರಜೆ ಸಿಕ್ಕ ದಿನವೇ ಬಸ್ಸು ಹತ್ತಿ, ಉಮ್ಮನ ಮುಖ ನೋಡಿ ಬನ್ನಿ.