ಅಮ್ಮನ ದನಿಯಲ್ಲಿ ಕರೆದರೂ ಬಾಗಿಲು ತೆಗೆಯಬೇಡಿ!



'ನಾಳೆ ಬಾ' ನೆನಪಿದೆಯಾ? ತೊಂಬತ್ತರ ದಶಕ. ಬೆಂಗಳೂರಿನ ಗಲ್ಲಿಗಳಲ್ಲಿ, ಸುತ್ತಲ ಊರುಗಳಲ್ಲಿ, ಮನೆಬಾಗಿಲ ಮೇಲೆಲ್ಲ ಅದೇ ಎರಡು ಪದ. ರಾತ್ರಿ ದೆವ್ವ ಬರುತ್ತೆ, ಮನೆಯವರದೇ ದನಿಯಲ್ಲಿ ಕೂಗುತ್ತೆ, ಓಗೊಟ್ಟರೆ ಕಥೆ ಮುಗೀತು ಅಂತ ಮಾತು. ಬಾಗಿಲ ಬರಹ ಓದಿ ಅದು ವಾಪಸ್ ಹೋಗುತ್ತಿತ್ತಂತೆ. ಆಗ ನಕ್ಕವರು ಬಹಳ ಜನ. ಈಗ ನಗುವ ಹಾಗಿಲ್ಲ. ಆ ದೆವ್ವ ನಿಜವಾಗಿಯೂ ಬಂದಿದೆ, ಫೋನಿನಲ್ಲಿ!

"ಅಪ್ಪಾ, ಆಕ್ಸಿಡೆಂಟ್ ಆಗಿದೆ. ಸ್ಟೇಷನ್‌ನಲ್ಲಿ ಕೂರಿಸಿದ್ದಾರೆ. ಬೇಗ ಐವತ್ತು ಸಾವಿರ ಹಾಕು. ಅಮ್ಮನಿಗೆ ಹೇಳಬೇಡ." ದನಿ ಮಗನದೇ. ಅಳುವೂ ಮಗನದೇ. ಮಾತಾಡುತ್ತಿರುವುದು ಮಾತ್ರ ಮಗ ಅಲ್ಲ! ಅವನು ಖುಷಿಗೆ ಹಾಕಿದ ರೀಲ್ಸ್ ಇದೆಯಲ್ಲ, ಅದರಲ್ಲಿನ ಕೆಲವು ಸೆಕೆಂಡಿನ ದನಿ ಸಾಕು. ಉಳಿದದ್ದನ್ನು ಕಳ್ಳರ ಕಂಪ್ಯೂಟರ್ ಮಾತಾಡುತ್ತದೆ.

ಕಳೆದುಕೊಳ್ಳುವವರು ಯಾರು? ನಾವೇ! ಎಫ್‌ಡಿ ಬಡ್ಡಿಯಲ್ಲಿ ತಿಂಗಳ ಮಾತ್ರೆ ಕೊಳ್ಳುವ ರಿಟೈರ್ಡ್ ಮೇಷ್ಟ್ರು. ವರ್ಷಗಟ್ಟಲೆ ಗಾರ್ಮೆಂಟ್ಸ್‌ನಲ್ಲಿ ಹೊಲಿದು, ಮಗಳ ಮದುವೆಗೆಂದು ಪಿಎಫ್ ಬಿಡಿಸಿಕೊಂಡ ಅಕ್ಕ. ಗೃಹಲಕ್ಷ್ಮಿಯ 2,000 ಬಂತಾ ಎಂದು ಎಟಿಎಂಗೆ ಹೋಗಿ, "ಸ್ವಲ್ಪ ನೋಡಿಕೊಡಪ್ಪಾ" ಎಂದು ಕಾರ್ಡು, ಪಿನ್ನು ಎರಡನ್ನೂ ಗುರುತಿಲ್ಲದವನ ಕೈಗಿಡುವ ಅಜ್ಜಿ.

ದುಡ್ಡು ಹೋದದ್ದು ಅರ್ಧ ಪೆಟ್ಟು. ಇನ್ನರ್ಧ ಅವಮಾನ. ಮಗಳಿಗೆ ಹೇಳಲಾರರು. ಸೊಸೆಯ ಮುಖ ನೋಡಲಾರರು. ಅನ್ನ ಇಳಿಯುವುದಿಲ್ಲ. "ಓದಿದವಳಾಗಿ ನೀನೇ ಒಟಿಪಿ ಕೊಟ್ಯಾ?" ಅಂತ ನಾವು ಕೇಳುತ್ತೇವಲ್ಲ, ಕಳ್ಳ ಹೊಡೆದ ಪೆಟ್ಟಿಗಿಂತ ಅದೇ ಜೋರು. ದಯವಿಟ್ಟು ಕೇಳಬೇಡಿ!

ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಕೆಲಸ ಮಾಡಿ. ಟಿವಿ ಆರಿಸಿ. ಮನೆಗೊಂದು ಗುಟ್ಟಿನ ಮಾತು ಗೊತ್ತುಮಾಡಿ! ಕಷ್ಟ ಅಂತ ಯಾರು ಫೋನ್ ಮಾಡಿ ದುಡ್ಡು ಕೇಳಿದರೂ ಮೊದಲು ಆ ಮಾತು ಹೇಳಬೇಕು. ಹೇಳದಿದ್ದರೆ ಫೋನ್ ಇಡಿ. ನಿಮ್ಮಲ್ಲಿರುವ ಅವರ ಹಳೇ ನಂಬರಿಗೆ ನೀವೇ ಮಾಡಿ.

ಮನೆದೇವರ ಹೆಸರು ಬೇಡ. ನಾಯಿಯ ಹೆಸರು, ಹುಟ್ಟಿದ ದಿನ, ಊರು ಯಾವುದೂ ಬೇಡ. ಅವೆಲ್ಲ ಫೇಸ್‌ಬುಕ್‌ನಲ್ಲಿ ನಾವೇ ಹಂಚಿ ಮುಗಿಸಿದ್ದೇವೆ! ತಲೆಬುಡ ಇಲ್ಲದ ಮಾತು ಹುಡುಕಿ. ಅಜ್ಜಿಗೂ ನೆನಪಿರಬೇಕು, ಮೊಮ್ಮಗನಿಗೂ ನಗು ಬರಬೇಕು. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಎದುರಿಗೆ ಕೂತು ಹೇಳಿ. "ನಿಮ್ಮಪ್ಪ ಕಳಿಸಿದ್ದಾರೆ, ಬಾ ಪುಟ್ಟಾ" ಎಂದು ಸ್ಕೂಲ್ ಗೇಟಿಗೆ ಬರುವವನನ್ನೂ ಮಗು ಅದನ್ನೇ ಕೇಳಲಿ.

ಹೆತ್ತ ಮಗನನ್ನೇ ಪರೀಕ್ಷೆ ಮಾಡೋದಾ ಅನ್ನಿಸುತ್ತೆ. ಮಾಡಿ! ಬೇಜಾರಾದರೂ ಅವನು ರಾತ್ರಿ ಊಟಕ್ಕೆ ಮನೆಗೇ ಬರುತ್ತಾನೆ. ಹೋದ ದುಡ್ಡು ಹಾಗೆ ಬರುವುದಿಲ್ಲ.

ಒಟಿಪಿ ಅಂದರೂ ಇದೇ ಕಣ್ರೀ. ಕೇಳುತ್ತಿರುವುದು ನೀವೇ ಹೌದಾ ಎಂದು ತಿಳಿಯಲು ಬ್ಯಾಂಕು ನಿಮ್ಮೊಬ್ಬರಿಗೇ ಕಳಿಸುವ ಗುಟ್ಟಿನ ಮಾತು. ಅದನ್ನು ಕೊಟ್ಟ ಗಳಿಗೆಯಿಂದ ಬ್ಯಾಂಕಿನ ಲೆಕ್ಕದಲ್ಲಿ ಕಳ್ಳನೇ ನೀವು! "ತಪ್ಪಿ ನಿಮಗೊಂದು ಆರಂಕಿಯ ಕೋಡ್ ಬಂದಿದೆ, ಸ್ವಲ್ಪ ಕಳಿಸಿ" ಎಂದು ಸ್ನೇಹಿತರ ನಂಬರಿನಿಂದಲೇ ಮೆಸೇಜ್ ಬರುತ್ತೆ. ಕಳಿಸಿದರೆ ನಿಮ್ಮ ವಾಟ್ಸಾಪ್ ಕಳ್ಳರ ಪಾಲು. ಆಮೇಲೆ ನಿಮ್ಮ ಹೆಸರಲ್ಲಿ ನಿಮ್ಮ ತಂಗಿಯ ಹತ್ತಿರ ದುಡ್ಡು ಕೇಳುತ್ತಾರೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಬರದಿದ್ದರೆ ಮನೆಯ ಮಕ್ಕಳ ಕೈಲಿ ಹಾಕಿಸಿ.

ದುಡ್ಡು ಬರಲು ಯುಪಿಐ ಪಿನ್ ಬೇಡ! ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಖಾಕಿ ತೊಟ್ಟು ಹೆದರಿಸುವವನಿಗೂ ಹೆದರಬೇಡಿ. ಅವನು ಹೇಳುವ 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ಮೋಸ ಆಗಿಯೇ ಹೋಯಿತಾ? ಅಳುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಜೊತೆಜೊತೆಗೇ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಒಟಿಪಿ ಕೊಟ್ಟವರು ನೀವೇ ಆದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಇದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಬಂದ ನಿಯಮ. ಕೌಂಟರಿನಲ್ಲಿ "ನಿಮ್ಮದೇ ತಪ್ಪು, ಹೋಗಿ" ಅಂದರೆ ಹೋಗಬೇಡಿ. ರಿಸರ್ವ್ ಬ್ಯಾಂಕಿನ ಆ ನಿಯಮ ಹೇಳಿ! ನಾಚಿಕೊಂಡು ಬೆಳಗಿನವರೆಗೆ ಸುಮ್ಮನಿದ್ದರೆ ಕಳ್ಳ ಅಷ್ಟರಲ್ಲಿ ದುಡ್ಡನ್ನು ಹತ್ತು ಖಾತೆ ದಾಟಿಸಿರುತ್ತಾನೆ.

ಈ ಕಾಗದ ಬಿಸಾಡಬೇಡಿ. ಓದು ಬಾರದ ಪಕ್ಕದ ಮನೆಯವರಿಗೆ ಓದಿ ಹೇಳಿ, ನಂತರ ಮುಂದಿನ ಮನೆಗೆ ಕೊಡಿ. ನಿಮ್ಮ ಮನೆಯ ಗುಟ್ಟಿನ ಮಾತನ್ನು ಮಾತ್ರ ಇದರ ಹಿಂದೆ ಬರೆದಿಡಬೇಡಿ ಮಹರಾಯರೇ!