ಕನ್ನಡ ತರಗತಿಗೆ ಝೆರಾಕ್ಸ್ ಎಷ್ಟು ಸರಿ?

ಮುಂಬಯಿಯ ಹಲವು ಕನ್ನಡ ಸಂಘಗಳು ಮಕ್ಕಳಿಗಾಗಿ ಕನ್ನಡ ತರಗತಿ ನಡೆಸುತ್ತಿವೆ. ಬೇಕಾದ ಪುಸ್ತಕ ಬೇಕೆಂದಾಗ ಇಲ್ಲಿ ಸಿಗದಿರುವುದರಿಂದ ಪಾಠ, ಪದ್ಯಗಳ ಝೆರಾಕ್ಸ್ ಹಂಚುವುದು ರೂಢಿ. ಇದು ಕಾನೂನಿಗೆ ವಿರುದ್ಧವೇನೋ ಎಂಬ ಅಳುಕು ಕೆಲವು ಪದಾಧಿಕಾರಿಗಳಿಗಿದೆ. ಇನ್ನು ಕೆಲವರು ಯಾವ ಅಳುಕೂ ಇಲ್ಲದೆ ಇಡೀ ಪುಸ್ತಕವನ್ನೇ ಪ್ರತಿ ಮಾಡಿಸಿ ಹಂಚುತ್ತಾರೆ.

ಅಳುಕುವವರು ನಿಶ್ಚಿಂತರಾಗಿರಬಹುದು. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯ ಪ್ರತಿ ಮಾಡಿಕೊಂಡರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಉಲ್ಲಂಘನೆಯಲ್ಲ. ಈ ವಿನಾಯಿತಿಯ ವ್ಯಾಪ್ತಿ ದಿಲ್ಲಿಯಲ್ಲಿ ದೊಡ್ಡ ವ್ಯಾಜ್ಯವೇ ಆಯಿತು. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿಯು ಪಠ್ಯಕ್ರಮಕ್ಕೆ ಬೇಕಾದ ಭಾಗಗಳನ್ನು ಹಲವು ಪುಸ್ತಕಗಳಿಂದ ಪ್ರತಿ ಮಾಡಿ, ಬೈಂಡ್ ಮಾಡಿ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಸೆಪ್ಟೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ವಜಾ ಮಾಡಿತು. ಮೇಲ್ಮನವಿಯಲ್ಲಿ ದ್ವಿಸದಸ್ಯ ಪೀಠವು, ಬೋಧನೆಗೆ ಅಗತ್ಯವಿರುವಷ್ಟು ಪ್ರತಿ ಮಾಡಬಹುದೆಂದು ಒಪ್ಪಿತು. ಆದರೆ ಆ ಅಗತ್ಯ ನಿಜವಾಗಿ ಇತ್ತೇ ಎಂಬುದರ ವಿಚಾರಣೆಗೆ ಪ್ರಕರಣವನ್ನು ಹಿಂದಿರುಗಿಸಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು.

ಇಲ್ಲಿ ‘ಅಗತ್ಯ’ ಎಂಬ ಮಾತನ್ನು ನಾವು ಗಮನಿಸಬೇಕು. ಅಂಗಡಿಯಲ್ಲಿ ಸಿಗುವ, ತರಿಸಿಕೊಳ್ಳಬಹುದಾದ ಪುಸ್ತಕವನ್ನು ಇಡಿಯಾಗಿ ಝೆರಾಕ್ಸ್ ಮಾಡಿಸಲು ಯಾವ ಅಗತ್ಯ? ಆಕ್ಸ್‌ಫರ್ಡ್‌ನಂಥವರು ಒಂದಿಷ್ಟು ನಷ್ಟ ತಾಳಿಕೊಂಡಾರು. ಸಾವಿರ ಪ್ರತಿ ಖರ್ಚು ಮಾಡಲು ಹೆಣಗುವ ಕನ್ನಡ ಪ್ರಕಾಶಕರು ತಾಳಿಕೊಳ್ಳುವರೇ? ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗಳಿಗೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಮಕ್ಕಳ ಪುಸ್ತಕಕ್ಕೂ ಇರಲಿ.

ಸ್ಮರಣ ಸಂಚಿಕೆಯ ಸಂಗತಿ ಬೇರೆ. ಜಾಹೀರಾತು ಪಡೆದು ಅಚ್ಚು ಹಾಕಿಸುವ ಸಂಚಿಕೆ ಬೋಧನೆಯಾಗದು. ಹಿರಿಯ ಕವಿಗಳ ಕವನವೆಂದರೆ ಸಾರ್ವಜನಿಕ ಸೊತ್ತು ಎಂಬ ಭಾವನೆ ನಮ್ಮಲ್ಲಿದೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಬೇಂದ್ರೆಯವರು ನಿಧನರಾದದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಲೆಕ್ಕ ಹಾಕಿದರೆ ಇನ್ನೂ ಎಷ್ಟು ವರ್ಷವಿದೆಯೆಂದು ತಿಳಿಯುತ್ತದೆ. ಇಡೀ ಕವನ ಅಚ್ಚು ಹಾಕುವ ಮುನ್ನ ಹಕ್ಕುದಾರರಿಗೆ ಒಂದು ಪತ್ರ ಬರೆದು ಅನುಮತಿ ಕೇಳುವುದು ಸಂಪಾದಕ ಸಮಿತಿಗೆ ಹೊರೆಯೇನಲ್ಲ. ಜಾಹೀರಾತಿಗಾಗಿ ನಾವು ಎಷ್ಟು ಪತ್ರ ಬರೆಯುವುದಿಲ್ಲ!